ಹರಾಜಿನಲ್ಲಿ ಸಿಕ್ಕ ಮಗ

ಪ್ರತಿ ವರ್ಷ ಶಾಲೆ ಶುರುವಾಗುವ ದಿನಗಳಲ್ಲಿ, ಅರ್ಜಿಯ ‘ತಂದೆ ಅಥವಾ ಪೋಷಕರ ಹೆಸರು’ ಎಂಬ ಸಾಲಿನ ಮುಂದೆ ಪೆನ್ನು ಹಿಡಿದು ತಡವರಿಸುವ ಒಬ್ಬಿಬ್ಬರು ಮಕ್ಕಳಾದರೂ ಕಣ್ಣಿಗೆ ಬೀಳುತ್ತಾರೆ. ಅವರನ್ನು ಸಾಕಿದವರು ಸೋದರಮಾವನೋ ಅಜ್ಜಿಯೋ ಆಗಿರುತ್ತಾರೆ. ಕೆಲವೊಮ್ಮೆ ರಕ್ತಸಂಬಂಧವೇ ಇಲ್ಲದ ನೆರೆಮನೆಯವರೂ ಆಗಿರುವುದುಂಟು. ಅರ್ಜಿಯಲ್ಲಿ ಪೋಷಕರಿಗೆ ಎರಡನೆಯ ಸ್ಥಾನ. ಬದುಕಿನಲ್ಲಿ?

ಈ ಪ್ರಶ್ನೆಯನ್ನು ನಕ್ಷತ್ರಗಳ ನಡುವೆ ಇಟ್ಟು ನೋಡಿದ ಕಾದಂಬರಿಯೊಂದಿದೆ. ಅಮೆರಿಕದ ರಾಬರ್ಟ್ ಹೈನ್‌ಲೈನ್ ಹದಿಹರೆಯದವರಿಗಾಗಿ ಬರೆದ ‘ಸಿಟಿಜನ್ ಆಫ್ ದಿ ಗ್ಯಾಲಕ್ಸಿ’. ಅದು ಹೊರಬಂದದ್ದು 1957ರಲ್ಲಿ. ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಆಕಾಶಕ್ಕೇರಿದ ವರ್ಷವೂ ಅದೇ.

ಕಥೆ ಆರಂಭವಾಗುವುದು ಬಹುದೂರದ ಗ್ರಹವೊಂದರ ರಾಜಧಾನಿಯಲ್ಲಿ. ಆ ನಗರದ ಹೆಸರು ಜಬ್ಬಲ್‌ಪೋರ್! ನರ್ಮದೆಯ ಬಳಿಯ ನಮ್ಮ ಜಬಲ್‌ಪುರವನ್ನು ಬ್ರಿಟಿಷರು ಬರೆಯುತ್ತಿದ್ದ ಕಾಗುಣಿತವೇ ಇದು. ಅಲ್ಲಿನ ಗುಲಾಮರ ಹರಾಜುಕಟ್ಟೆಯ ಮೇಲೆ ಥಾರ್ಬಿ ಎಂಬ ಹುಡುಗ ನಿಂತಿದ್ದಾನೆ. ಮೈತುಂಬ ಕೊಳೆ, ಬೆನ್ನ ಮೇಲೆ ಬಾಸುಂಡೆ. ತಾನು ಯಾರ ಮಗನೆಂಬುದೂ ಅವನಿಗೆ ನೆನಪಿಲ್ಲ. ಕೊಳ್ಳುವವರಿಲ್ಲದ ಆ ಹುಡುಗನನ್ನು ಪುಡಿಗಾಸಿಗೆ ಕೊಂಡವನು ಬಾಸ್ಲಿಂ ಎಂಬ ಒಂಟಿಕಾಲಿನ, ಒಕ್ಕಣ್ಣಿನ ಭಿಕ್ಷುಕ.

ಭಿಕ್ಷುಕ ಕೊಂಡದ್ದು ಗುಲಾಮನನ್ನು, ಸಾಕಿದ್ದು ಮಗನನ್ನು. ನೆಲಮಾಳಿಗೆಯ ಬಿಡಾರದಲ್ಲಿ ಗಾಯ ತೊಳೆದ, ಊಟ ಹಾಕಿದ, ಭಾಷೆಗಳನ್ನೂ ಗಣಿತವನ್ನೂ ಕಲಿಸಿದ. ಕಾನೂನಿನ ಪ್ರಕಾರ ಬಿಡುಗಡೆಯನ್ನೂ ಕೊಡಿಸಿದ. ಬಾಸ್ಲಿಂ ನಿಜವಾಗಿ ಭಿಕ್ಷುಕನಲ್ಲ, ಗುಲಾಮ ವ್ಯಾಪಾರದ ಜಾಡು ಹಿಡಿಯಲು ವೇಷ ತೊಟ್ಟು ಕುಳಿತ ಸೇನಾಧಿಕಾರಿ ಎಂಬುದು ಥಾರ್ಬಿಗೆ ತಿಳಿಯುವ ಹೊತ್ತಿಗೆ ಅಪ್ಪ ಬದುಕಿರುವುದಿಲ್ಲ.

ಬಾಸ್ಲಿಂ ಬಾಯಿಪಾಠ ಮಾಡಿಸಿದ್ದ ಸಂದೇಶವೊಂದು ಅನಾಥನನ್ನು ‘ಸಿಸು’ ಎಂಬ ವ್ಯಾಪಾರಿ ನೌಕೆಗೆ ಸೇರಿಸುತ್ತದೆ. ಹಿಂದೊಮ್ಮೆ ಈ ಬಳಗದ ಮತ್ತೊಂದು ನೌಕೆಯ ಜನರನ್ನು ಅವನು ಗುಲಾಮಗಿರಿಯಿಂದ ಉಳಿಸಿದ್ದ. ಆ ಋಣಕ್ಕಾಗಿ ಕಪ್ತಾನ ಕ್ರೌಸಾ ಹುಡುಗನನ್ನು ದತ್ತು ತೆಗೆದುಕೊಳ್ಳುತ್ತಾನೆ. ಒಮ್ಮೆಲೇ ಅಜ್ಜಿ, ಅಣ್ಣ, ಅತ್ತೆ, ಮಾವಂದಿರ ದೊಡ್ಡ ಬಳಗ! ಕಡಲ್ಗಳ್ಳರಂಥ ದರೋಡೆಕೋರರ ನೌಕೆ ಎರಗಿ ಬಂದಾಗ ಅದನ್ನು ಗುರಿಯಿಟ್ಟು ಹೊಡೆಯುವವನು ಥಾರ್ಬಿಯೇ. ಭಿಕ್ಷುಕನ ಬಿಡಾರದಲ್ಲಿ ಕಲಿತ ಗಣಿತ ಇಡೀ ಕುಟುಂಬದ ಪ್ರಾಣ ಕಾಯುತ್ತದೆ.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲೊಂದು ಮಾತು ಗಮನಿಸಬೇಕು. ಬೆಳಕನ್ನೂ ಮೀರಿಸಿ ಓಡುವ ಇಂಥ ನೌಕೆಗಳು ಬರೀ ಕಲ್ಪನೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದರ ದೂರ ಸುಮಾರು 4.2 ಜ್ಯೋತಿರ್ವರ್ಷ. 1977ರಲ್ಲಿ ಹಾರಿಬಿಟ್ಟ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಸಾಗುತ್ತಿದೆ. ಅಷ್ಟು ದೂರ ಕ್ರಮಿಸಲು ಅದಕ್ಕೂ 70 ಸಾವಿರಕ್ಕಿಂತ ಹೆಚ್ಚು ವರ್ಷ ಬೇಕು. ಹೈನ್‌ಲೈನ್‌ರ ನೌಕೆ ಸುಳ್ಳಿರಬಹುದು. ಆದರೆ ಅದರೊಳಗಿನ ಮನೆ ಸುಳ್ಳಲ್ಲ.

ಆ ಮನೆಯನ್ನು ಲೇಖಕರು ಸ್ವರ್ಗವೆಂದೂ ಚಿತ್ರಿಸುವುದಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಮಾಟಾ ಎಂಬ ಹುಡುಗಿಗೆ ಥಾರ್ಬಿಯ ಮೇಲೆ ಒಲವು ಮೂಡಿದ ಸುಳಿವು ಸಿಕ್ಕ ಕೂಡಲೇ ಹಿರಿಯರು ಅವಳನ್ನು ಬೇರೊಂದು ನೌಕೆಗೆ ಕಳಿಸಿಬಿಡುತ್ತಾರೆ. ಒಂದೇ ನೌಕೆಯವರ ನಡುವೆ ಅದು ನಿಷಿದ್ಧ. ಪ್ರೀತಿಯಿಂದ ಬಾಚಿ ತಬ್ಬುವ ಬಳಗ ಉಸಿರು ಕಟ್ಟಿಸಲೂಬಲ್ಲದು ಎಂಬುದು ತಂದೆತಾಯಿಯರೂ ಯೋಚಿಸಬೇಕಾದ ಸಂಗತಿ.

ಕೊನೆಗೆ ಥಾರ್ಬಿಯ ಹುಟ್ಟಿನ ಗುಟ್ಟು ರಟ್ಟಾಗುತ್ತದೆ. ಅವನು ಭೂಮಿಯ ಭಾರಿ ಶ್ರೀಮಂತ ಕುಟುಂಬವೊಂದರ ವಾರಸುದಾರ! ಸಾಮಾನ್ಯ ಕಥೆಯಾಗಿದ್ದರೆ ಇಲ್ಲಿಗೆ ಶುಭಂ. ಆದರೆ ಆ ಅರಮನೆಯಲ್ಲಿ ಅವನಿಗೆ ಎದುರಾಗುವುದು ಸಹಿ ಹಾಕಲು ಮುಂದೆ ಚಾಚಿದ ಕಾಗದಗಳು. ತನ್ನ ಮನೆತನದ ವ್ಯವಹಾರದ ಎಳೆಯೊಂದು ಗುಲಾಮ ವ್ಯಾಪಾರಕ್ಕೇ ಹೋಗಿ ಸೇರುತ್ತದೆ ಎಂಬ ಸತ್ಯವೂ ಹೊರಬೀಳುತ್ತದೆ. ಥಾರ್ಬಿ ಆಸ್ತಿಯನ್ನು ಅನುಭವಿಸುತ್ತ ಕೂರುವುದಿಲ್ಲ, ಬಿಟ್ಟು ಓಡುವುದೂ ಇಲ್ಲ. ವಾರಸುದಾರನ ಕುರ್ಚಿಯಲ್ಲಿ ಕುಳಿತೇ ಆ ವ್ಯಾಪಾರವನ್ನು ನಿಲ್ಲಿಸಲು ಹೊರಡುತ್ತಾನೆ. ರಕ್ತ ಕೊಟ್ಟದ್ದು ಕುರ್ಚಿ; ಅದರಲ್ಲಿ ಕುಳಿತು ಏನು ಮಾಡಬೇಕೆಂಬುದನ್ನು ಹೇಳಿಕೊಟ್ಟವನು ಭಿಕ್ಷುಕ.

ನಮ್ಮ ಓದುಗರಿಗೆ ಇದು ಅಪರಿಚಿತ ಭಾವವಲ್ಲ. ಕುಂತಿಯೇ ತಾಯಿಯೆಂದು ತಿಳಿದ ಮೇಲೂ ಕರ್ಣ ರಾಧೆಯ ಮಗನಾಗಿಯೇ ಉಳಿದ. ಕೃಷ್ಣನ ಬಾಲಲೀಲೆಯೆಂದರೆ ನೆನಪಾಗುವವಳು ದೇವಕಿಯಲ್ಲ, ಯಶೋದೆ. ಹೆತ್ತವರ ಋಣ ಸಣ್ಣದೇನಲ್ಲ. ಆದರೆ ಹೆತ್ತಮಾತ್ರಕ್ಕೆ ಆ ಋಣ ಪೂರ್ತಿಯಾಗುವುದಿಲ್ಲ. ಹಡೆದ ಮಗುವಿಗೂ ತಂದೆತಾಯಿ ದಿನದಿನವೂ ಪೋಷಕರಾಗುತ್ತಲೇ ಇರಬೇಕು. ಮಗುವಿನ ಲೆಕ್ಕ ಎಲ್ಲಿ ತಪ್ಪಿತೆಂದು ಪಕ್ಕದಲ್ಲಿ ಕುಳಿತು ನೋಡುವವರು, ಕೊಟ್ಟ ಮಾತನ್ನು ತಪ್ಪದೆ ನಡೆಸಿ ತೋರಿಸುವವರು ಮಗುವಿನ ಒಳಗೆ ಉಳಿಯುತ್ತಾರೆ.

ಆದ್ದರಿಂದ ಅರ್ಜಿಯ ಆ ಸಾಲಿನಲ್ಲಿ ಮಾವನ ಹೆಸರನ್ನೋ ಅಜ್ಜಿಯ ಹೆಸರನ್ನೋ ಬರೆಯುವ ಮಗು ತಲೆ ತಗ್ಗಿಸಬೇಕಾಗಿಲ್ಲ. ಅಕ್ಷರ ದುಂಡಗಿರಲಿ, ಕೈ ನಡುಗದಿರಲಿ.