ಕಾರವಾರ ಡೈರಿ – 3: ಆ ಡಾಲ್ಫಿನ್ ರೀಲ್ ಎಲ್ಲಿ ಹೋತು?

"ಲೇ, ಡಾಲ್ಫಿನ್ ರೀಲ್ ಯಾಕ ಕಾಣವಲ್ದು?" ಅಂತ ಬಾಳ ಮಂದಿ ಮೆಸೇಜ್ ಹಾಕೀರಿ. ನಾನೇ ಡಿಲೀಟ್ ಮಾಡೇನಿ. ಯಾಕಂತ ಹೇಳ್ತೀನಿ, ಸ್ವಲ್ಪ ಉದ್ದ ಐತಿ, ಪೂರ್ತಿ ಓದ್ರಿ.

ಪರೀಕ್ಷೆ ಮುಗಿದ ಮೇಲೆ ನಾವು ಐದು ಜನ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಕಾರವಾರಕ್ಕೆ ಹೋಗಿದ್ದು ನಿಮಗೆ ಗೊತ್ತೇ ಐತಿ. ನಳಕ್ಕ ನೀರು ಬರೂದನ್ನೇ ಕಾಯೋ ಊರಿನವರು ನಾವು. ಉಣಕಲ್ ಕೆರೆನೇ ನಮಗೆ ಸಮುದ್ರ! ಡಾಲ್ಫಿನ್ ಅಂದ್ರೆ ಎಲ್ಲೋ ನಡುಗಡಲಿನಾಗ ಇರ್ತಾವ ಅನ್ಕೊಂಡಿದ್ವಿ. ಆದ್ರೆ ಕಾಳಿ ನದಿ ಸಮುದ್ರ ಸೇರೋ ಜಾಗದಲ್ಲೇ, ಮೀನಿನ ಬೋಟುಗಳು ಓಡಾಡೋ ನೀರಿನಲ್ಲೇ, ಬೂದು ಬಣ್ಣದ ಬೆನ್ನೊಂದು ಎದ್ದು ಬಂತು. ಅದರ ಪಕ್ಕ ಸಣ್ಣದೊಂದು. ಮರಿ.

ನಾನು ಕೂಗಿದೆ, "ಕಾಕಾ, ಇನ್ನೂ ಹತ್ರ ಒಯ್ರಿ!" ಅವರು ಬ್ಯಾಡ ಅಂದ್ರು. ಇನ್ನೂರು ರೂಪಾಯಿ ಜಾಸ್ತಿ ಕೊಡ್ತೀನಿ ಅಂದೆ. ಒಯ್ದರು. ಅವು ಮುಳುಗಿದ್ವು, ನಾವು ಹಿಂದೆ ಬಿದ್ವಿ. ಮತ್ತೆ ಎದ್ದಾಗ ಮತ್ತೆ ಹೋದ್ವಿ. ರೀಲ್‌ನಲ್ಲಿ ನೀವು ನೋಡಿದ್ದು ಬೆನ್ನು, ನೀರಿನ ಚಿಮ್ಮು, ನಮ್ಮ ಕೇಕೆ. ನಾನು ಕಟ್ ಮಾಡಿದ್ದು ಅದರ ಮುಂದಿಂದು: ಮರಿ ತಲೆ ಎತ್ತಿತು, ನಮ್ಮ ಬೋಟು ಮೈಮೇಲೆ ಬಂದಂಗಾತು, ಗಡಬಡಿಸಿ ಒಳಗೆ ಹೋತು. ಆಮೇಲೆ ಕಾಣಲಿಲ್ಲ.

ಕಾಕಾ ಇಂಜಿನ್ ಬಂದ್ ಮಾಡಿದ್ರು. "ಅದು ಮುಖ ತೋರಿಸ್ಲಿಕ್ಕೆ ಮೇಲೆ ಬರೂದಲ್ಲ ತಮ್ಮಾ, ಉಸಿರು ತಗೊಳ್ಳಿಕ್ಕೆ ಬರೂದು" ಅಂದ್ರು. ಯಾರೂ ಮಾತಾಡಲಿಲ್ಲ.

ಹುಬ್ಬಳ್ಳಿಗೆ ಬಂದ ಮೇಲೆ ಓದಿಕೊಂಡೆ. ಇವು ಹಂಪ್‌ಬ್ಯಾಕ್ ಡಾಲ್ಫಿನ್. ಮೀನಲ್ಲ, ತಿಮಿಂಗಿಲದ ಸಂಬಂಧಿಕರು, ಮರಿಗೆ ಹಾಲು ಕುಡಿಸೋ ಜೀವ. ದಂಡೆ ಹತ್ರದ ಕಡಿಮೆ ಆಳದ ನೀರು, ನದಿಮುಖ ಇವೇ ಅವುಗಳ ಮನೆ. ಬಂದರು, ಬಲೆ, ಟೂರಿಸ್ಟ್ ಬೋಟು ಎಲ್ಲಾ ಇರೋದೂ ಅಲ್ಲೇ. ದಾರಿ, ಬೇಟೆ, ಮಾತು ಎಲ್ಲದಕ್ಕೂ ಶಬ್ದವನ್ನೇ ನಂಬಿರ್ತಾವ. ನಮ್ಮ ಇಂಜಿನ್ ಸದ್ದಿನಾಗ ತಾಯಿ ದನಿ ಮರಿಗೆ ಹೆಂಗ ಕೇಳಬೇಕು? ಅಳಿವಿನಂಚಿನ ಪಟ್ಟಿಯಲ್ಲೂ ಅದಾವ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗಿರೋ ಮೊದಲ ಶೆಡ್ಯೂಲ್ ರಕ್ಷಣೆನೇ ಇವಕ್ಕೂ ಐತಿ. ಹುಲಿ ಹಿಂದೆ ಹಂಗ ಜೀಪ್ ಬಿಡ್ತಿದ್ವೇನು ನಾವು?

ಇನ್ನೊಂದು ಗೊತ್ತಾತು. 2017ರಲ್ಲಿ ಓಮಾನ್‌ನಲ್ಲಿ ಟ್ಯಾಗ್ ಹಾಕಿದ ಲುಬಾನ್ ಅನ್ನೋ ಹೆಣ್ಣು ತಿಮಿಂಗಿಲ ಅರಬ್ಬಿ ಸಮುದ್ರ ದಾಟಿ ಭಾರತದ ಕರಾವಳಿಗೆ ಬಂದಿತ್ತು. ನಮ್ಮ ದರ್ಗಾದಾಗ ಲೋಬಾನ ಹಾಕ್ತಾರಲ್ಲ, ಅದೇ ಹೆಸರು. ಅಷ್ಟು ದೂರದಿಂದ ಬಂದದ್ದು ದಂಡೆಗೆ ಹತ್ರ ಬಂದ್ರೆ, ಅದರ ಸುತ್ತಲೂ ನಮ್ಮಂಥವರ ಬೋಟುಗಳೇ.

ಬಿಕಾಂನಾಗ ಖರ್ಚು ಯಾರ ಲೆಕ್ಕಕ್ಕೆ ಬೀಳ್ತದ ಅಂತ ಬರೆಯೋದನ್ನೇ ಕಲೀತೀವಿ. ನನ್ನ ಪುಸ್ತಕದಾಗ ಇನ್ನೂರು ರೂಪಾಯಿ ಮಾತ್ರ ಬಿದ್ದಿತ್ತು. ಕಾಕಾಂದೇನೂ ತಪ್ಪಿಲ್ಲ, ಆಸೆ ತೋರಿಸಿದವ ನಾನು.

ರಜಾದಾಗ ನೀವೂ ಹೋಗ್ರಿ, ಬ್ಯಾಡ ಅನ್ನಲ್ಲ. ಹತ್ತೋಕ್ಕಿಂತ ಮೊದಲೇ ಹೇಳ್ರಿ: "ಕಾಕಾ, ದೂರದಾಗ ಇಂಜಿನ್ ಬಂದ್ ಮಾಡ್ರಿ, ಕಾಣದಿದ್ರೂ ಪೂರ್ತಿ ರೊಕ್ಕ ಕೊಡ್ತೀವಿ." ಅವು ಬಂದ್ರೆ ಬರ್ತಾವ.

ಈ ಫೋಟೋದಾಗ ಬರೇ ನೀರೈತಿ ಅಂತ ಬೈಬ್ಯಾಡ್ರಿ. ಇಂಜಿನ್ ಬಂದ್ ಮಾಡಿದ ಮೇಲೆ ತೆಗೆದದ್ದು. ಮರಿ ಮತ್ತೆ ಏಳ್ತದೇನೋ ಅಂತ ಕಾಯ್ತಿದ್ವಿ.

#ಕಾರವಾರಡೈರಿ #ಹುಬ್ಬಳ್ಳಿಧಾರವಾಡ