ಮೇಘದೂತ ಬಂದ, ಕೊನೆಗೌಡ ಬರಲಿಲ್ಲ

ಹೋದ ವರ್ಷ ಊರಿಗೆ ಹೋದಾಗ ಅಪ್ಪಯ್ಯನ ಫೋನಿಗೆ 'ಮೇಘದೂತ್' ಆಪ್ ಹಾಕಿಕೊಟ್ಟು ಬಂದಿದ್ದೆ. ಹವಾಮಾನ ಇಲಾಖೆಯವರು 2019ರಲ್ಲಿ ಬಿಟ್ಟಿದ್ದು. ಮಂಗಳವಾರ, ಶುಕ್ರವಾರ ಹೊಸ ಸಲಹೆ ಬರುತ್ತೆ. ಮುಂದಿನ 5 ದಿನದ ಮಳೆ ಅಂದಾಜು, ಯಾವ ಬೆಳೆಗೆ ಏನು ಮಾಡಬೇಕು, ಎಲ್ಲಾ ಕನ್ನಡದಲ್ಲೇ. ಸಾಫ್ಟ್‌ವೇರ್ ಮಗನಿಂದ ಮನೆಗಾದ ಏಕೈಕ ಉಪಕಾರ ಅಂತ ಬೀಗಿಕೊಂಡು ಬಸ್ಸು ಹತ್ತಿದ್ದೆ..

ನಮ್ಮದು ಅಡಿಕೆ ತೋಟ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೀಬೇಕು. ಮಳೆಗಾಲದ ಶುರುವಿಗೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಮದ್ದು ಒಣಗೋವರೆಗೆ ಹೊಳವಾಗಿರಬೇಕು, ಇಲ್ಲಾಂದ್ರೆ ಎಲ್ಲಾ ತೊಳೆದು ಹೋಗುತ್ತೆ.

ಎರಡನೇ ಮದ್ದಿನ ಹೊತ್ತಿಗೆ ನಾನೇ ಬೆಂಗಳೂರಿಂದ ಆಪ್ ನೋಡಿ ಫೋನ್ ಮಾಡಿದೆ. "ಅಪ್ಪಯ್ಯ, ಎರಡು ದಿನ ಹೊಳ ಇದೆ, ಹೊಡೆಸಿಬಿಡಿ." ಹೂಂ ಅಂದ್ರು. ಹೇಳಿದ ಹಾಗೇ ಎರಡು ದಿನ ಬಿಸಿಲು ಬಂತು. ಮದ್ದು ಹೊಡೆಸಲಿಲ್ಲ. ಆಮೇಲೆ ಮಳೆ ಹಿಡೀತು, ಕೊಳೆ ಬಂತು. ಫೋನಲ್ಲಿ ಅಪ್ಪಯ್ಯನಿಗೆ ಚೆನ್ನಾಗಿ ಬೈದೆ. ಬೈಯಬಾರದಿತ್ತು.

ಊರಿಗೆ ಹೋದಾಗ ಮರದ ಬುಡದ ತುಂಬಾ ಉದುರಿದ ಕಾಯಿ. ಅಪ್ಪಯ್ಯ ತಣ್ಣಗೆ ಹೇಳಿದ್ರು: "ಹೊಳ ಆಗೋದು ನಂಗೂ ಗೊತ್ತಿತ್ತು ಮಾರಾಯ. ಹೊಳ ಊರಿಗೆಲ್ಲಾ ಒಂದೇ ದಿನ. ಕೊನೆಗೌಡ ಒಬ್ಬನೇ."

ಅಷ್ಟೇ ನೋಡಿ. ನಮ್ಮನೆ ಸರದಿ ಯಾವಾಗ ಅಂತ ಮಳೆಗಾಲಕ್ಕೆ ಮೊದಲೇ ತೀರ್ಮಾನ ಆಗಿರುತ್ತೆ. 5 ದಿನದ ಮುನ್ಸೂಚನೆ ಸರಿಯಾಗೇ ಇದ್ರೂ ಅದನ್ನ ಹಿಡ್ಕೊಂಡು ಅವರು ಬದಲಾಯಿಸಬಹುದಾದ್ದು ಏನೂ ಇರಲಿಲ್ಲ. ನಾವು ಆಪ್ ಮಾಡೋರು ಎಷ್ಟು ಜನ ಇಳಿಸಿಕೊಂಡ್ರು ಅಂತ ಎಣಿಸ್ತೀವಿ. ಆ ಲೆಕ್ಕದಲ್ಲಿ ಅಪ್ಪಯ್ಯನ ಫೋನೂ ಒಂದು! ನೋಡಿದ ಮೇಲೆ ಏನು ಮಾಡೋಕಾಯ್ತು ಅಂತ ಯಾರು ಕೇಳ್ತಾರೆ?

ಕೇಳೋಕೆ ಮನುಷ್ಯರು ಬೇಕು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಕೂತು ಮುನ್ಸೂಚನೆಯನ್ನ ಸ್ಥಳೀಯ ಸಲಹೆಯಾಗಿ ಬದಲಾಯಿಸಿ, ರೈತರ ಜೊತೆ ಮಾತಾಡ್ತಿದ್ದ ಜಿಲ್ಲಾ ಕೃಷಿ ಹವಾಮಾನ ಘಟಕಗಳು ದೇಶದಲ್ಲಿ 199 ಇದ್ದವು. 2024ರಲ್ಲಿ ಅವನ್ನ ಮುಚ್ಚಿದ್ರು. ಆಪ್ ಉಳೀತು.

ಈಗ ಅಕ್ಕಪಕ್ಕದ ಮೂರು ಮನೆಯವರು ಸೇರಿ, ನೆಲದ ಮೇಲೇ ನಿಂತು ಮದ್ದು ಹೊಡೆಯೋ ಕಾರ್ಬನ್ ಫೈಬರ್ ದೋಟಿ ತಗೊಳ್ಳೋ ಮಾತು ನಡೆದಿದೆ. ಮೊನ್ನೆ ಅಪ್ಪಯ್ಯನೇ ಫೋನ್ ಮಾಡಿದ್ರು.

"ದೋಟಿ ಬಂದ್ಮೇಲೆ ಆ ಮಂಗಳವಾರದ್ದು ಹೆಂಗೆ ನೋಡೋದು ಅಂತ ಒಂಚೂರು ಹೇಳಿಕೊಡು."