ಬ್ರೇಕು ಮತ್ತು ತರ್ಕಶಾಸ್ತ್ರ

ನಮ್ಮ ಮನೆತನದಲ್ಲಿ ಸಂಗೀತ ಕಲಿತವರು ಯಾರೂ ಇಲ್ಲ. ಆದರೂ ನಮ್ಮ ತಂದೆಯವರಷ್ಟು ಚುರುಕಾದ ಕಿವಿಯುಳ್ಳವರನ್ನು ನಾನು ಕಂಡಿಲ್ಲ. ಅವರು ಬಾಡಿಗೆ ಕಾರು ಓಡಿಸುವವರು. ಸಂಜಯನಗರದ ನಮ್ಮ ಗಲ್ಲಿಯಲ್ಲಿ ನಡುರಾತ್ರಿ ಯಾವುದೋ ಕಾರು ತಿರುಗಿದರೆ, ಮಲಗಿದಲ್ಲಿಂದಲೇ “ಅದರ ಬೆಲ್ಟು ಸಡಿಲವಾಗಿದೆ” ಎಂದು ಹೇಳಿ ಮಗ್ಗುಲು ಬದಲಾಯಿಸುವರು. ಇಂತಹವರು ಸ್ವಂತ ಕಾರಿನ ಸದ್ದಿನ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆಂದರೆ ವಾಚಕರು ನಂಬಲಾರರು.

ಆದದ್ದು ಇಷ್ಟು. ಪ್ರಯಾಣಿಕರೊಬ್ಬರು “ಮುಂದಿನ ಚಕ್ರದಲ್ಲಿ ಏನೋ ಕೀಚಲು ಸದ್ದು ಬರ್ತಿದೆ” ಎಂದರಂತೆ. ತಂದೆಯವರಿಗೆ ಅದು ಕೇಳಿಸಿರಲಿಲ್ಲ. ದಪ್ಪ ಸದ್ದುಗಳೆಲ್ಲ ಅವರಿಗೆ ಮೊದಲಿನಂತೆಯೇ ಕೇಳುತ್ತವೆ. ತೆಳ್ಳನೆಯ ಕೀರಲು ಸದ್ದು ಮಾತ್ರ ಈಚೆಗೆ ನಿಲುಕುತ್ತಿಲ್ಲ. ವರ್ಷಗಟ್ಟಲೆ ಎಂಜಿನ್ನಿನ ಪಕ್ಕ ಕುಳಿತವರ ಕಿವಿ. ಇದನ್ನು ಅವರು ಯಾರ ಮುಂದೆಯೂ ಆಡುವವರಲ್ಲ. “ಸ್ವಲ್ಪ ಬಾರೋ, ಪಕ್ಕದಲ್ಲಿ ಕೂತು ಕೇಳು. ಓದಿದವನು ನೀನು” ಎಂದಷ್ಟೇ ಕರೆದರು.

ರಾತ್ರಿ ಮಳೆ ಬಂದಿತ್ತು. ಹೊರಟೊಡನೆ ಬ್ರೇಕು ಒತ್ತಿದಾಗ ಸರಸರ ಉಜ್ಜಿದ ಶಬ್ದ. ನಾನು ಗಂಭೀರವಾಗಿ ತಲೆಯಾಡಿಸಿದೆ. “ಅದಲ್ಲ, ಅದು ತುಕ್ಕು” ಎಂದು ತಂದೆಯವರು ನಕ್ಕರು. ಬ್ರೇಕಿನ ಡಿಸ್ಕು ಎರಕದ ಕಬ್ಬಿಣದ್ದು. ಒಂದು ರಾತ್ರಿ ನೆಂದರೆ ಸಾಕು, ತೆಳುವಾಗಿ ತುಕ್ಕು ಕೂರುತ್ತದೆ. ನಾಲ್ಕು ಸಲ ಒತ್ತಿದರೆ ಪ್ಯಾಡುಗಳೇ ಅದನ್ನು ಒರಸಿಹಾಕುತ್ತವೆ. ಹಾಗೆಯೇ ಆಯಿತು. ಆಮೇಲೆ ಒಂದು ಉದ್ದನೆಯ ಕಾಂಪೌಂಡು ಗೋಡೆಯ ಪಕ್ಕಕ್ಕೆ ಕಾರನ್ನು ತಂದು, ಗಾಜಿಳಿಸಿ, ನಿಧಾನವಾಗಿ ನಡೆಸಿದರು. ಚಕ್ರದ ಸದ್ದು ಗೋಡೆಗೆ ತಾಗಿ ಕಿವಿಗೇ ಮರಳುತ್ತದೆ. ಅವರ ಹಳೆಯ ಉಪಾಯ ಇದು.

ಈಗ ನನಗೆ ಕೇಳಿಸಿತು. ಚಕ್ರ ಉರುಳಿದಂತೆ ತಾಳ ಹಿಡಿದು ಕೀ, ಕೀ ಎನ್ನುತ್ತಿತ್ತು. ಬ್ರೇಕು ಒತ್ತಿದರೆ ಸುಮ್ಮನಾಗುತ್ತಿತ್ತು. ಬಿಟ್ಟರೆ ಮತ್ತೆ ಕೀ, ಕೀ.

ಆ ದಿನಗಳಲ್ಲಿ ನಾನು ತರ್ಕಶಾಸ್ತ್ರದ ನೋಟ್ಸು ಉರುಹೊಡೆಯುತ್ತಿದ್ದೆ. ಬ್ರೇಕಿನ ಸದ್ದು ಬ್ರೇಕು ಒತ್ತಿದಾಗ ಬರತಕ್ಕದ್ದು. ಈ ಸದ್ದು ಒತ್ತದಿದ್ದಾಗ ಬರುತ್ತದೆ. ಆದುದರಿಂದ ಇದು ಬ್ರೇಕಿನ ಸದ್ದಲ್ಲ. ನಮ್ಮ ರಸ್ತೆಯನ್ನು ಪೈಪು ಹಾಕಲು ಅಗೆದಿದ್ದರು, ಎಲ್ಲೆಲ್ಲೂ ಜಲ್ಲಿ. ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿಕೊಳ್ಳುವುದುಂಟೆಂದು ನಾನು ಕೇಳಿಯೂ ಇದ್ದೆ. “ಕಲ್ಲು ಅಪ್ಪ. ತಾನೇ ಉದುರಿಹೋಗುತ್ತೆ” ಎಂದೆ. ತಂದೆಯವರು ಒಂದು ಕ್ಷಣ ನನ್ನ ಮುಖ ನೋಡಿದರು. ಆ ವಾರವೇ ನನ್ನ ಪರೀಕ್ಷೆಯ ಶುಲ್ಕ ಕಟ್ಟಿಯಾಗಿತ್ತು. ಖರ್ಚಿಲ್ಲದ ರೋಗ ಇಬ್ಬರಿಗೂ ಒಪ್ಪಿಗೆಯಾಯಿತು.

ಹದಿನೈದು ದಿನ ಕಳೆಯಿತು. ಒಂದು ಭಾನುವಾರ ಒಂದು ಸಂಸಾರವನ್ನು, ಮೂರು ಮಕ್ಕಳ ಸಮೇತ, ನಂದಿಬೆಟ್ಟಕ್ಕೆ ಕರೆದೊಯ್ದರು. ರಾತ್ರಿ ಕಾರು ನಮ್ಮ ಗಲ್ಲಿಗೆ ತಿರುಗಿದಾಗ ನಾನು ಓದುತ್ತಿದ್ದೆ. ಗರಗರ ಎಂದು ಕಬ್ಬಿಣಕ್ಕೆ ಕಬ್ಬಿಣ ಅರೆದ ಸದ್ದು. ಅದನ್ನು ತಿಳಿಯಲು ಚುರುಕು ಕಿವಿ ಬೇಕಿರಲಿಲ್ಲ. ಬೆಟ್ಟ ಇಳಿಯುವಾಗಲೇ ಶುರುವಾಯಿತಂತೆ. ಎರಡನೆಯ ಗೇರಿನಲ್ಲಿಟ್ಟು, ಎಂಜಿನ್ನಿನ ತಡೆಯಿಂದಲೇ, ಬ್ರೇಕನ್ನು ಅಷ್ಟಿಷ್ಟು ಮುಟ್ಟುತ್ತ ಇಳಿಸಿದರಂತೆ. ಹಿಂದಿನ ಸೀಟಿನಲ್ಲಿ ಮಕ್ಕಳು ಅಂತ್ಯಾಕ್ಷರಿ ಹಾಡುತ್ತಿದ್ದವಂತೆ. ಇಷ್ಟು ಹೇಳಿ ಊಟ ಬೇಡವೆಂದು ಮಲಗಿದರು. ನನ್ನ ಕಲ್ಲಿನ ಮಾತು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಬೆಳಗ್ಗೆ ಭೂಪಸಂದ್ರದ ಕಡೆಯ ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿದರು. ಹೊಸ ಪ್ಯಾಡಿನಲ್ಲಿ ಸುಮಾರು 10 ಮಿಲಿಮೀಟರು ದಪ್ಪ ಸರಕಿರುತ್ತದೆ. 3ಕ್ಕೆ ಇಳಿದರೆ ಬದಲಾಯಿಸಬೇಕು. ಇಲ್ಲಿ ಒಳಗಡೆಯ ಪ್ಯಾಡಿನಲ್ಲಿ ಏನೂ ಉಳಿದಿರಲಿಲ್ಲ, ಬರಿಯ ಉಕ್ಕಿನ ಹಲಗೆ. ಡಿಸ್ಕಿನ ಮೈಯೆಲ್ಲ ಗ್ರಾಮಫೋನು ತಟ್ಟೆಯಂತೆ ಗೀರು. ಮೆಕ್ಯಾನಿಕ್ಕು ಪ್ಯಾಡಿನ ಅಂಚಿನ ಸಣ್ಣ ಉಕ್ಕಿನ ನಾಲಿಗೆಯನ್ನು ತೋರಿಸಿ, “ಇದು ಕೂಗೋದಕ್ಕೇ ಮಾಡಿರೋದು. ಸರಕು ಸವೆದಾಗ ಡಿಸ್ಕಿಗೆ ತಾಕಿ ಕೀ ಅನ್ನುತ್ತೆ. ಬ್ರೇಕ್ ಒತ್ತಿದರೆ ಬಿಗಿಯಾಗಿ ಹಿಡಿದುಕೊಳ್ಳುತ್ತಲ್ಲ, ಅದಕ್ಕೇ ಸದ್ದು ನಿಲ್ಲುತ್ತೆ. ನಿಂತಿತು ಅಂತ ಜನ ಸುಮ್ಮನಾಗ್ತಾರೆ” ಎಂದ. ನನ್ನ ಮೊದಲನೆಯ ವಾಕ್ಯವೇ ಸುಳ್ಳಾಗಿತ್ತು! ಅಂದೇ ಬಂದಿದ್ದರೆ ಪ್ಯಾಡಿನಲ್ಲಿ ಮುಗಿಯುತ್ತಿತ್ತು. ಈಗ ಎರಡೂ ಕಡೆಯ ಡಿಸ್ಕುಗಳ ಖರ್ಚೂ ಸೇರಿತು.

ಆಮೇಲೆ ಓದಿ ತಿಳಿದೆ: 1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಾಗ ಅದರ ತಾಮ್ರದ ಪ್ಯಾಡುಗಳು ಸಹಿಸಲಾರದಷ್ಟು ಕಿರಿಚುತ್ತಿದ್ದವು. ಆ ಕಿರಿಚಾಟವನ್ನು ಅಡಗಿಸಲು ಹೆಣಗಿದ ಜನವೇ ಮುಂದೆ ಬೇಕೆಂದು ಒಂದು ನಾಲಿಗೆ ಕಟ್ಟಿ ಕಿರಿಚಿಸಿದರು. ನನ್ನಂತಹ ಪಂಡಿತರು ಅದಕ್ಕೆ ಬೇರೆ ಅರ್ಥ ಹೇಳುವರೆಂದು ಅವರಿಗೆ ಹೊಳೆದಿರಲಾರದು.

ಹೊಸ ಪ್ಯಾಡು ಹೊಂದಿಕೊಳ್ಳುವವರೆಗೆ ಜೋರಾಗಿ ತುಳಿಯಬೇಡಿ ಎಂದು ಮೆಕ್ಯಾನಿಕ್ಕು ಹೇಳಿ ಕಳಿಸಿದ. ತಂದೆಯವರು ನೆಟ್ಟಗೆ ಮನೆಗೆ ಬರಲಿಲ್ಲ. ಅದೇ ಗೋಡೆಯ ಪಕ್ಕಕ್ಕೆ ಕಾರು ತಿರುಗಿಸಿ ಗಾಜಿಳಿಸಿದರು.

“ಏನಾದರೂ ಕೇಳ್ಸುತ್ತೇನೋ?”

ಗೋಡೆ ಮುಗಿಯುವವರೆಗೆ ಕಿವಿಗೊಟ್ಟು ಕುಳಿತಿದ್ದೆ. ಏನೂ ಕೇಳಿಸಿರಲಿಲ್ಲ.

“ಇನ್ನೊಂದು ಸಲ ಹೋಗೋಣ ಅಪ್ಪ” ಎಂದೆ.

ಅವರು ಕಾರನ್ನು ಹಿಂದಕ್ಕೆ ತಿರುಗಿಸಿದರು.